ವೈಫೈ ಟ್ಯಾಬ್‌ಗೆ ಸಿಮ್ ನೆಟ್: ಡಾಂಗಲ್ ಹಾಕಿದರೂ ಇಂಟರ್ನೆಟ್ ಬಾರದಿದ್ದರೆ ದೋಷ ಹುಡುಕುವ ಬಗೆ

ಸಿಮ್ ಹಾಕುವ ಜಾಗವಿಲ್ಲದ ಟ್ಯಾಬ್ ಅಗ್ಗಕ್ಕೆ ಸಿಗುತ್ತದೆ. ಮನೆಯಲ್ಲಿ ವೈಫೈ ಇರುವಷ್ಟು ಹೊತ್ತು ತೊಂದರೆಯೂ ಇಲ್ಲ. ಬಸ್ಸಿನಲ್ಲೋ ತೋಟದಲ್ಲೋ ಸರ್ವೆಗೆ ಹೋದ ಊರಿನಲ್ಲೋ ನೆಟ್ ಬೇಕಾದಾಗ ಒಂದು 4ಜಿ ಡಾಂಗಲ್ (ಸಿಮ್ ಹಾಕಿ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸಾಧನ), ಒಂದು ಒಟಿಜಿ ಅಡಾಪ್ಟರ್ (ಯುಎಸ್‌ಬಿ ಸಾಧನವನ್ನು ಟ್ಯಾಬ್‌ಗೆ ಜೋಡಿಸುವ ಕೊಂಡಿ) ತಂದು ಸಿಕ್ಕಿಸುತ್ತೇವೆ. ದೀಪ ಹತ್ತುತ್ತದೆ, ನೆಟ್ ಬರುವುದಿಲ್ಲ. ಆಗ ಹೆಚ್ಚಿನವರು ಮೊದಲು ಕೈಹಾಕುವುದು ಎಪಿಎನ್‌ಗೆ, ಅಂದರೆ ಸಿಮ್ ಕಂಪನಿಯ ನೆಟ್‌ಗೆ ಸೇರುವ ದಾರಿಯ ಹೆಸರಿಗೆ, ಇಲ್ಲವೇ ಬೈಯುವುದು ಟವರ್‌ಗೆ. ಟ್ಯಾಬ್‌ನ ಕಣ್ಣಿಗೆ ಡಾಂಗಲ್ ಬಿದ್ದೇ ಇಲ್ಲದಿದ್ದರೆ ಎಪಿಎನ್ ಎಷ್ಟು ತಿದ್ದಿದರೂ ಉಪಯೋಗವಿಲ್ಲ. ಈ ಬರಹ ಬಹುಪಾಲು ಆಂಡ್ರಾಯ್ಡ್ ಟ್ಯಾಬ್ ಮತ್ತು ಯುಎಸ್‌ಬಿ ಡಾಂಗಲ್ ಬಗ್ಗೆ. ಐಪ್ಯಾಡ್, ವಿಂಡೋಸ್ ಟ್ಯಾಬ್, ಫೋನ್ ಹಾಟ್‌ಸ್ಪಾಟ್ ಕೊನೆಯಲ್ಲಿ ಬರುತ್ತವೆ.

ಒಂದೇ ಪರೀಕ್ಷೆ, ಅರ್ಧ ಕೆಲಸ

ಈಗ ಮಾರುಕಟ್ಟೆಯಲ್ಲಿರುವ ಬಹುತೇಕ ಡಾಂಗಲ್‌ಗಳು ಬರೀ ಮೋಡೆಮ್ ಅಲ್ಲ, ಪುಟ್ಟ ರೂಟರ್. ಸಿಮ್, ಎಪಿಎನ್, ಟವರ್ ಜೊತೆಗಿನ ವ್ಯವಹಾರವನ್ನೆಲ್ಲ ಡಾಂಗಲ್ ತಾನೇ ನೋಡಿಕೊಳ್ಳುತ್ತದೆ. ಟ್ಯಾಬ್‌ಗೆ ಅದು ಒಂದು ಈಥರ್ನೆಟ್ ಕಾರ್ಡ್‌ನಂತೆ (ತಂತಿಯಿಂದ ನೆಟ್ ತರುವ ಜೋಡಣೆಯಂತೆ) ಕಾಣುತ್ತದೆ, ಅಷ್ಟೇ. ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಎಂಬ ಜಾಗವೇ ಇಲ್ಲದಿರುವುದು ದೋಷವಲ್ಲ. ಎಪಿಎನ್ ಇರುವುದು ಡಾಂಗಲ್‌ನ ಒಳಗಿನ ಪುಟದಲ್ಲಿ.

ಆ ಪುಟವೇ ಪರೀಕ್ಷೆಯ ಸಾಧನ. ಟ್ಯಾಬ್‌ನ ವೈಫೈ ಆಫ್ ಮಾಡಿ, ಡಾಂಗಲ್ ಸಿಕ್ಕಿಸಿ ಒಂದು ನಿಮಿಷ ಬಿಡಿ. ಆಮೇಲೆ ಬ್ರೌಸರ್‌ನಲ್ಲಿ ಡಾಂಗಲ್‌ನ ವಿಳಾಸ ಟೈಪ್ ಮಾಡಿ. ಹುವಾವೇ ಹೈಲಿಂಕ್ ಡಾಂಗಲ್‌ಗಳಿಗೆ 192.168.8.1, ಜಡ್‌ಟಿಇ ಡಾಂಗಲ್‌ಗಳಿಗೆ ಸಾಮಾನ್ಯವಾಗಿ 192.168.0.1, ಜಿಯೋಫೈಗೆ 192.168.225.1. ಹೆಸರಿಲ್ಲದ ಅಗ್ಗದ ಡಾಂಗಲ್‌ಗಳಲ್ಲಿ 192.168.100.1 ಹೆಚ್ಚಾಗಿ ಕಾಣಸಿಗುತ್ತದೆ. ಸರಿಯಾದ ವಿಳಾಸ ಮುಚ್ಚಳದ ಒಳಗಿನ ಸ್ಟಿಕ್ಕರ್ ಮೇಲಿರುತ್ತದೆ. ಬ್ರೌಸರ್ ಅದನ್ನು ಗೂಗಲ್ ಹುಡುಕಾಟಕ್ಕೆ ಕಳಿಸಿದರೆ ವಿಳಾಸದ ಮುಂದೆ ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆ ಸೇರಿಸಿ.

ಪುಟ ತೆರೆದರೆ ಟ್ಯಾಬ್, ಅಡಾಪ್ಟರ್, ಕೇಬಲ್, ಡ್ರೈವರ್ (ಸಾಧನವನ್ನು ಗುರುತಿಸಿ ನಡೆಸುವ ತಂತ್ರಾಂಶ) ಎಲ್ಲ ಸರಿ ಇವೆ. ದೋಷ ಇರುವುದು ಸಿಮ್‌ನಿಂದ ಟವರ್‌ವರೆಗಿನ ದಾರಿಯಲ್ಲಿ. ಪುಟ ತೆರೆಯದಿದ್ದರೆ ದೋಷ ಯುಎಸ್‌ಬಿ ಕಡೆಯದು. ಸಿಮ್ ಬದಲಿಸುವುದು, ಕಸ್ಟಮರ್ ಕೇರ್‌ಗೆ ಫೋನ್ ಹಚ್ಚುವುದು ಈ ಹಂತದಲ್ಲಿ ವ್ಯರ್ಥ. ಇದೊಂದನ್ನು ತಿಳಿಯದೆ ಮುಂದಿನ ಯಾವುದನ್ನೂ ಮುಟ್ಟಬೇಡಿ.

ಪುಟ ತೆರೆಯಲಿಲ್ಲ: ಮೊದಲು ಒಟಿಜಿ

ಡಾಂಗಲ್ ತೆಗೆದು ಅದೇ ಅಡಾಪ್ಟರ್‌ಗೆ ಯುಎಸ್‌ಬಿ ಮೌಸ್ ಹಾಕಿ. ತೆರೆಯ ಮೇಲೆ ಬಾಣ ಬಂದರೆ ಒಟಿಜಿ ಕೆಲಸ ಮಾಡುತ್ತಿದೆ. ಬಾರದಿದ್ದರೆ ಕಾರಣ ಇವುಗಳಲ್ಲೊಂದು.

ಅಡಾಪ್ಟರ್ ನಿಜವಾದ ಒಟಿಜಿ ಅಲ್ಲ. ಮೈಕ್ರೋ ಯುಎಸ್‌ಬಿಯಲ್ಲಿ ನಾಲ್ಕನೆಯ ಪಿನ್ ಆದ ಐಡಿಯನ್ನು ನೆಲಕ್ಕೆ, ಅಂದರೆ ಗ್ರೌಂಡ್‌ಗೆ ಸೇರಿಸಿದ್ದರೆ ಮಾತ್ರ ಟ್ಯಾಬ್ ತಾನು ಯಜಮಾನ (ಹೋಸ್ಟ್, ಅಂದರೆ ಜೋಡಿಸಿದ ಸಾಧನವನ್ನು ನಡೆಸುವವ) ಎಂದು ತಿಳಿದು 5 ವೋಲ್ಟ್ ಹೊರಬಿಡುತ್ತದೆ. ಟೈಪ್-ಸಿ ಅಡಾಪ್ಟರ್‌ನಲ್ಲಿ ಇದೇ ಕೆಲಸವನ್ನು ಸಿಸಿ ಪಿನ್‌ನಿಂದ ಗ್ರೌಂಡ್‌ಗೆ ಇರುವ 5.1 ಕಿಲೋಓಮ್ ರೆಸಿಸ್ಟರ್ ಮಾಡುತ್ತದೆ. ಬರೀ ಚಾರ್ಜಿಂಗ್‌ಗೆ ಮಾಡಿದ ಪರಿವರ್ತಕ ಹೊರಗಿನಿಂದ ಥೇಟ್ ಹಾಗೇ ಕಾಣುತ್ತದೆ, ಒಳಗೆ ಇದಿರುವುದಿಲ್ಲ. ಬೇರೆ ಫೋನಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಸೆಟ್ಟಿಂಗ್ ಮುಚ್ಚಿರಬಹುದು. ಒಪ್ಪೋ, ರಿಯಲ್‌ಮಿ, ವಿವೋ ಕಂಪನಿಗಳ ಕೆಲವು ಸಾಧನಗಳಲ್ಲಿ ಒಟಿಜಿಗೆ ಪ್ರತ್ಯೇಕ ಸ್ವಿಚ್ ಇರುತ್ತದೆ. ಸುಮ್ಮನಿದ್ದರೆ ಹತ್ತು ನಿಮಿಷಕ್ಕೆ ಅದು ತಾನಾಗಿ ಆಫ್ ಆಗುತ್ತದೆ. ನಿನ್ನೆ ನಡೆದದ್ದು ಇವತ್ತು ನಡೆಯುತ್ತಿಲ್ಲ ಎಂದಾದರೆ ಮೊದಲು ಇದನ್ನು ನೋಡಿ. ತೀರಾ ಅಗ್ಗದ ಟ್ಯಾಬ್‌ಗಳಲ್ಲಿ ಒಟಿಜಿಯೇ ಇರುವುದಿಲ್ಲ. ಅಂಥದಕ್ಕೆ ಡಾಂಗಲ್ ದಾರಿ ಬಿಟ್ಟು ನೇರ ವೈಫೈ ದಾರಿ ಹಿಡಿಯಬೇಕು.

ಮೌಸ್ ನಡೆಯುತ್ತದೆ, ಡಾಂಗಲ್ ನಡೆಯುವುದಿಲ್ಲ: ಕರೆಂಟ್

ಮೌಸ್‌ಗೆ 100 ಮಿಲಿಆಂಪ್ ಕೂಡ ಬೇಡ. ಡಾಂಗಲ್‌ನ ಹಸಿವು ಬೇರೆ. ಯುಎಸ್‌ಬಿ 2.0 ಲೆಕ್ಕದಲ್ಲಿ ಒಂದು ಸಾಧನ 500 ಮಿಲಿಆಂಪ್‌ವರೆಗೆ ಕೇಳಬಹುದು. ಬ್ಯಾಟರಿಯಲ್ಲಿ ನಡೆಯುವ ಟ್ಯಾಬ್ ಅಷ್ಟನ್ನೂ ಕೊಡುತ್ತದೆಂಬ ಭರವಸೆ ಇಲ್ಲ. ಡಾಂಗಲ್‌ನ ಬೇಡಿಕೆಯೂ ಒಂದೇ ಸಮ ಇರುವುದಿಲ್ಲ. ಟವರ್ ಹತ್ತಿರವಿದ್ದರೆ ಮೆಲ್ಲಗೆ ಮಾತಾಡುತ್ತದೆ, ದೂರವಿದ್ದರೆ ಕೂಗುತ್ತದೆ. 4ಜಿಯಲ್ಲಿ ಆ ಕೂಗಿನ ಮಿತಿ 23 ಡಿಬಿಎಂ (ರೇಡಿಯೊ ಬಲದ ಅಳತೆ), ಅಂದರೆ 200 ಮಿಲಿವ್ಯಾಟ್. ಡಾಂಗಲ್ 2ಜಿಗೆ ಇಳಿದರೆ 900 ಮೆಗಾಹರ್ಟ್ಸ್‌ನಲ್ಲಿ 33 ಡಿಬಿಎಂ, ಅಂದರೆ 2 ವ್ಯಾಟ್‌ವರೆಗೆ ಏರುತ್ತದೆ, ಅದೂ ಅರ್ಧ ಮಿಲಿಸೆಕೆಂಡಿಗೆ ತುಸು ಹೆಚ್ಚಿನ ತುಣುಕುಗಳಲ್ಲಿ. ಆ ಕ್ಷಣಕ್ಕೆ ಎಳೆಯುವ ಕರೆಂಟ್ ಸರಾಸರಿಗಿಂತ ಹಲವು ಪಟ್ಟು.

ಆದ್ದರಿಂದ ಪೇಟೆಯಲ್ಲಿ ಸಲೀಸಾಗಿ ನಡೆದ ಜೋಡಿ ಮಲೆನಾಡಿನ ಮೂಲೆಯ ಊರಿನಲ್ಲಿ ಐದೈದು ನಿಮಿಷಕ್ಕೆ ಬಿದ್ದು ಏಳುತ್ತದೆ. ನೋಡುವವರಿಗೆ ಅದು ಸಿಗ್ನಲ್ ಸಮಸ್ಯೆ. ಒಳಗೆ ಆಗುತ್ತಿರುವುದು ಬೇರೆ: ಸಿಗ್ನಲ್ ದುರ್ಬಲ, ಹಾಗಾಗಿ ಕರೆಂಟ್ ಹೆಚ್ಚು, ಹಾಗಾಗಿ ವೋಲ್ಟೇಜ್ ಕುಸಿದು ಡಾಂಗಲ್ ರೀಸೆಟ್. ಎರಡನ್ನೂ ಬೇರೆ ಮಾಡುವುದು ಸುಲಭ. ನೆಟ್ ಹೋದ ಕ್ಷಣ ಡಾಂಗಲ್‌ನ ದೀಪ ನೋಡಿ. ದೀಪ ಪೂರ್ತಿ ಆರಿ ಮೊದಲಿನಿಂದ ಶುರುವಾದರೆ, ಟ್ಯಾಬ್‌ನ ಮೇಲಿನ ಪಟ್ಟಿಯಲ್ಲಿದ್ದ ಈಥರ್ನೆಟ್ ಗುರುತೂ ಮಾಯವಾದರೆ, ಅದು ಕರೆಂಟ್. ದೀಪ ಬರೀ ಬಣ್ಣ ಬದಲಿಸಿದರೆ, 192.168ರ ಪುಟ ಇನ್ನೂ ತೆರೆಯುತ್ತಿದ್ದರೆ, ಅದು ಸಿಗ್ನಲ್.

ಆನ್‌ಲೈನ್‌ನಲ್ಲಿ ಸಿಗುವ ಯುಎಸ್‌ಬಿ ಮೀಟರ್ ಒಂದನ್ನು ನಡುವೆ ಹಾಕಿ. ಡಾಂಗಲ್ ಕೆಲಸದಲ್ಲಿರುವಾಗ 4.75 ವೋಲ್ಟ್‌ಗಿಂತ ಮೇಲಿದ್ದರೆ ನಿಶ್ಚಿಂತೆ. 4.4ರ ಹತ್ತಿರ ಬಂದರೆ ತೊಂದರೆ ಖಚಿತ. ಮೀಟರ್ ತೋರಿಸುವುದು ಸರಾಸರಿ, ಕ್ಷಣದ ಕುಸಿತ ಅದರಲ್ಲಿ ಕಾಣುವುದಿಲ್ಲ. 4.6 ಎಂದು ತೋರಿಸಿದರೂ ಅನುಮಾನ ಇಟ್ಟುಕೊಳ್ಳಿ.

ಕೇಬಲ್‌ನ ಪಾಲು ಇಲ್ಲಿ ದೊಡ್ಡದು. ಕಿಟಕಿ ಹತ್ತಿರ ಡಾಂಗಲ್ ಇಡಲೆಂದು ಜನ ಒಂದು ಮೀಟರ್ ಎಕ್ಸ್‌ಟೆನ್ಷನ್ ಹಾಕುತ್ತಾರೆ. ತೆಳು ಕೇಬಲ್‌ನಲ್ಲಿ 28 ಗೇಜ್ ತಂತಿ ಇರುತ್ತದೆ, ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರುವ ಎರಡು ತಂತಿ ಸೇರಿ 0.42 ಓಮ್. 700 ಮಿಲಿಆಂಪ್ ಹರಿದಾಗ 0.3 ವೋಲ್ಟ್ ಅಲ್ಲೇ ಹೋಯಿತು. ಅದೇ ಇನ್ನೂ ದಪ್ಪದ 24 ಗೇಜ್ ತಂತಿಯಾದರೆ 0.12 ವೋಲ್ಟ್ ಮಾತ್ರ. ದಪ್ಪ ಕೇಬಲ್ ಕೊಳ್ಳಿ, ಇಲ್ಲವೇ 15-20 ಸೆಂಟಿಮೀಟರಿನ ತುಂಡು ಕೇಬಲ್‌ಗೆ ಒಪ್ಪಿಕೊಳ್ಳಿ. ತುಂಡು ಕೇಬಲ್ ಹೇಗೂ ಬೇಕು. ಟೈಪ್-ಸಿ ಸಾಕೆಟ್‌ಗೆ ಅಡಾಪ್ಟರ್, ಅದಕ್ಕೆ ಉದ್ದದ ಡಾಂಗಲ್ ಹೀಗೆ ಗಟ್ಟಿಯಾಗಿ ಚಾಚಿಕೊಂಡರೆ ಒಂದು ಸಲ ಕೈ ತಗುಲಿದರೂ ಸಾಕೆಟ್‌ನ ಬೆಸುಗೆ ಬಿಡುತ್ತದೆ.

ಹೊರಗಿನಿಂದ ಕರೆಂಟ್ ಕೊಡುವ ಹಬ್ ಒಳ್ಳೆಯ ಪರಿಹಾರ, ಆದರೆ ಅದರಲ್ಲೂ ಒಂದು ಕೊಕ್ಕೆ ಇದೆ. ಟೈಪ್-ಸಿ ಹಬ್‌ಗೆ ಚಾರ್ಜರ್ ಸಿಕ್ಕಿಸಿದಾಗ ಟ್ಯಾಬ್ ಕರೆಂಟ್ ಪಡೆಯುವವನಾಗಿಯೂ ಡೇಟಾದಲ್ಲಿ ಯಜಮಾನನಾಗಿಯೂ ಇರಬೇಕು. ಪವರ್ ಡೆಲಿವರಿ ಒಪ್ಪಂದ (ಕರೆಂಟ್ ಯಾರು ಯಾರಿಗೆ ಕೊಡಬೇಕೆಂದು ಸಾಧನಗಳು ಮಾತಾಡಿಕೊಳ್ಳುವ ಪದ್ಧತಿ) ಬಲ್ಲ ಟ್ಯಾಬ್‌ಗಳು ಮಾತ್ರ ಎರಡೂ ಪಾತ್ರ ನಿಭಾಯಿಸುತ್ತವೆ. ಅಗ್ಗದ ಟ್ಯಾಬ್ ಚಾರ್ಜರ್ ಕಂಡ ತಕ್ಷಣ ಯಜಮಾನಿಕೆ ಬಿಟ್ಟುಕೊಡುತ್ತದೆ, ಡಾಂಗಲ್ ಮಾಯ. ಚಾರ್ಜರ್ ತೆಗೆದರೆ ಡಾಂಗಲ್ ಮತ್ತೆ ಬರುತ್ತದೆ ಎಂದಾದರೆ ದೋಷ ಹಬ್‌ನದಲ್ಲ, ಟ್ಯಾಬ್‌ನ ಮಿತಿ ಅದು. ಹಬ್ ಬದಲಿಸಿ ದುಡ್ಡು ಕಳೆಯಬೇಡಿ.

ಕರೆಂಟ್ ಇದೆ, ಡಾಂಗಲ್ ಸಿಡಿ ವೇಷದಲ್ಲಿದೆ

ಡಾಂಗಲ್ ಸಿಕ್ಕಿಸಿದ ಕೂಡಲೇ ಟ್ಯಾಬ್ 'ಯುಎಸ್‌ಬಿ ಡ್ರೈವ್ ಸೇರಿಸಲಾಗಿದೆ' ಎಂದು ಹೇಳಿತೇ? ಹಾಗಾದರೆ ಡಾಂಗಲ್ ಇನ್ನೂ ಸಿಡಿ ವೇಷದಲ್ಲಿದೆ. ವಿಂಡೋಸ್ ಕಂಪ್ಯೂಟರ್‌ಗೆ ಡ್ರೈವರ್ ಕೊಡಲೆಂದು ಡಾಂಗಲ್ ಮೊದಲು ಸಿಡಿ ಡ್ರೈವ್‌ನಂತೆ ಕಾಣಿಸಿಕೊಂಡು, ಒಂದು ಆದೇಶ ಬಂದ ಮೇಲೆ ನೆಟ್‌ವರ್ಕ್ ಕಾರ್ಡ್ ಆಗುತ್ತದೆ. ಲಿನಕ್ಸ್ ಕಂಪ್ಯೂಟರ್‌ನಲ್ಲಿ ಆ ಆದೇಶ ಕೊಡುವ ತಂತ್ರಾಂಶ ಇರುತ್ತದೆ. ಕೆಲವು ಆಂಡ್ರಾಯ್ಡ್ ಟ್ಯಾಬ್‌ಗಳ ಕರ್ನಲ್ (ಆಂಡ್ರಾಯ್ಡ್‌ನ ತಿರುಳು ತಂತ್ರಾಂಶ) ತಾನೇ ಕೊಡುತ್ತದೆ, ಹಲವು ಕೊಡುವುದಿಲ್ಲ.

ಖಚಿತ ಮಾಡಿಕೊಳ್ಳಲು ಟ್ಯಾಬ್‌ನಲ್ಲಿ ಡೆವಲಪರ್ ಆಯ್ಕೆ ತೆರೆದು ವೈರ್‌ಲೆಸ್ ಡೀಬಗಿಂಗ್ ಹಾಕಿ. ಆಂಡ್ರಾಯ್ಡ್ 11ರಿಂದ ಇದು ಇದೆ. ಯುಎಸ್‌ಬಿ ಸಾಕೆಟ್‌ನಲ್ಲಿ ಡಾಂಗಲ್ ಕೂತಿರುವುದರಿಂದ ಕೇಬಲ್ ದಾರಿ ಮುಚ್ಚಿದೆ, ವೈಫೈ ಮೂಲಕವೇ ಕಂಪ್ಯೂಟರ್‌ನಿಂದ ಎಡಿಬಿ ಶೆಲ್ (ಟ್ಯಾಬ್‌ಗೆ ಆದೇಶ ಟೈಪ್ ಮಾಡಿ ಕೊಡುವ ಕಿಟಕಿ) ಹಿಡಿಯಬೇಕು. ಈ ಪರೀಕ್ಷೆಗಷ್ಟೇ ಟ್ಯಾಬ್‌ನ ವೈಫೈ ಮತ್ತೆ ಹಾಕಿಕೊಳ್ಳಿ. ಅಲ್ಲಿ ಎಲ್‌ಎಸ್‌ಯುಎಸ್‌ಬಿ ಎಂದು ಕೇಳಿದರೆ ಡಾಂಗಲ್‌ನ ಗುರುತಿನ ಸಂಖ್ಯೆ ಬರುತ್ತದೆ. 12ಡಿ1 ಎಂದರೆ ಹುವಾವೇ, 19ಡಿ2 ಎಂದರೆ ಜಡ್‌ಟಿಇ. ಹುವಾವೇ ಇ3372ಎಚ್‌ನಲ್ಲಿ ಎರಡನೆಯ ಭಾಗ 1ಎಫ್01 ಎಂದಿದ್ದರೆ ಸಿಡಿ ವೇಷ, 14ಡಿಸಿ ಎಂದಿದ್ದರೆ ವೇಷ ಕಳಚಿ ನೆಟ್‌ವರ್ಕ್ ಕಾರ್ಡ್ ಆಗಿದೆ. ಏನೂ ಬಾರದಿದ್ದರೆ ಮತ್ತೆ ಕರೆಂಟ್ ಭಾಗಕ್ಕೆ ಹೋಗಿ.

ಪರಿಹಾರ ಕಂಪ್ಯೂಟರ್‌ನಲ್ಲಿ, ಒಂದೇ ಸಲದ ಕೆಲಸ. ಡಾಂಗಲ್‌ನ ಸೀರಿಯಲ್ ಪೋರ್ಟ್ ತೆರೆದು ಸಿಡಿ ಭಾಗ ಆಫ್ ಮಾಡುವ ಎಟಿ ಆದೇಶ (ಮೋಡೆಮ್‌ಗೆ ಕೊಡುವ, ಎಟಿ ಎಂದು ಶುರುವಾಗುವ ಆದೇಶ) ಕೊಡುವುದು. ಹಳೆಯ ಹುವಾವೇಗಳಿಗೆ ಎಟಿ^ಯು2ಡಿಐಎಜಿ=0, ಜಡ್‌ಟಿಇಗಳಿಗೆ ಎಟಿ+ಜಡ್‌ಸಿಡಿಆರ್‌ಯುಎನ್=8; ಜಡ್‌ಟಿಇಯಲ್ಲಿ ಮತ್ತೆ ಮೊದಲಿನಂತೆ ಮಾಡಲು 8ರ ಬದಲು 9. ಎಲ್ಲವನ್ನೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಆದೇಶಕ್ಕೆ ಓಕೆ ಎಂಬ ಉತ್ತರ ಬಂದ ಮೇಲೆ ಡಾಂಗಲ್ ತೆಗೆದು ಹಾಕಿ. ಎರರ್ ಬಂದರೆ ಆ ಮಾದರಿಗೆ ಆ ಆದೇಶ ಹೊಂದುವುದಿಲ್ಲ. ಅಂದಾಜಿನ ಮೇಲೆ ಬೇರೆ ಬೇರೆ ಆದೇಶ ಕೊಡುತ್ತಾ ಹೋಗಬೇಡಿ, ಎಲ್ಲ ಪೋರ್ಟ್ ಮುಚ್ಚಿಹೋದರೆ ಡಾಂಗಲ್ ಕೈಬಿಟ್ಟ ಹಾಗೆಯೇ.

ಗುರುತಿನ ಸಂಖ್ಯೆ ಸರಿ ಇದೆ, ಆದರೂ ಪುಟ ತೆರೆಯದು

ಇದು ಹೆಚ್ಚು ತಲೆ ತಿನ್ನುವ ದೋಷ, ಯಾಕೆಂದರೆ ಹೊರಗಿನಿಂದ ಎಲ್ಲ ಸರಿಯಾಗಿ ಕಾಣುತ್ತದೆ. ಅದೇ ಶೆಲ್‌ನಲ್ಲಿ ಐಪಿ ಲಿಂಕ್ ಎಂಬ ಆದೇಶ ಕೊಟ್ಟು ಪಟ್ಟಿ ನೋಡಿ. ಡಾಂಗಲ್‌ಗೆ ಸಂಬಂಧಿಸಿದ ಹೊಸ ಹೆಸರೇ ಇಲ್ಲದಿದ್ದರೆ ಕರ್ನಲ್‌ನಲ್ಲಿ ಡ್ರೈವರ್ ಇಲ್ಲ. ಬೇಕಿರುವುದು ಆರ್‌ಎನ್‌ಡಿಐಎಸ್ ಹೋಸ್ಟ್ ಇಲ್ಲವೇ ಸಿಡಿಸಿ ಈಥರ್ನೆಟ್ ಡ್ರೈವರ್ (ಇವೆರಡೂ ಯುಎಸ್‌ಬಿ ಮೇಲೆ ನೆಟ್ ಸಾಗಿಸುವ ಭಾಷೆಗಳು), ಡಾಂಗಲ್ ಯಾವುದನ್ನು ಮಾತಾಡುತ್ತದೋ ಅದು. ಪ್ಲೇ ಸ್ಟೋರ್‌ನ ಯಾವ ಆ್ಯಪ್ ಕೂಡ ಈ ಡ್ರೈವರ್ ತಂದು ಸೇರಿಸಲಾರದು.

ಹೆಸರು ಇದ್ದರೆ ಅದು ಏನೆಂದು ಓದಿ. ಇಟಿಎಚ್0 ಎಂದಿದ್ದರೆ ಸರಿ. ಯುಎಸ್‌ಬಿ0 ಅಥವಾ ಡಬ್ಲ್ಯುಡಬ್ಲ್ಯುಎಎನ್0 ಎಂದಿದ್ದರೆ ಅಲ್ಲೇ ಇದೆ ತೊಂದರೆ. ಆಂಡ್ರಾಯ್ಡ್‌ನ ಈಥರ್ನೆಟ್ ಸೇವೆ ಯಾವ ಹೆಸರನ್ನು ತನ್ನದೆಂದು ಒಪ್ಪಬೇಕು ಎಂಬುದನ್ನು ಟ್ಯಾಬ್ ತಯಾರಕರು ಮೊದಲೇ ಬರೆದಿಟ್ಟಿರುತ್ತಾರೆ. ಬಹಳ ಟ್ಯಾಬ್‌ಗಳಲ್ಲಿ ಅದು ಇಟಿಎಚ್ ಎಂದು ಶುರುವಾಗುವ ಹೆಸರನ್ನಷ್ಟೇ ಒಪ್ಪುತ್ತದೆ. ಹೆಸರು ಇಡುವುದು ಕರ್ನಲ್. ಡಾಂಗಲ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಸಾಧನದ ಗುರುತಿನ ಸಂಖ್ಯೆ) ಸ್ಥಳೀಯವಾಗಿ ಕೊಟ್ಟದ್ದು ಎಂಬ ಗುರುತು ಹೊತ್ತಿದ್ದರೆ ಯುಎಸ್‌ಬಿ0, ಕರ್ನಲ್‌ನ ಪಟ್ಟಿಯಲ್ಲಿ ಮೊಬೈಲ್ ಮೋಡೆಮ್ ಎಂದು ದಾಖಲಾಗಿದ್ದರೆ ಡಬ್ಲ್ಯುಡಬ್ಲ್ಯುಎಎನ್0. ಡಾಂಗಲ್ ಇದೆ, ಡ್ರೈವರ್ ಇದೆ, ಆದರೆ ಅದಕ್ಕೆ ಐಪಿ, ಅಂದರೆ ನೆಟ್‌ನಲ್ಲಿನ ವಿಳಾಸ ಕೇಳುವವರೇ ಇಲ್ಲ. ಒಂದೇ ಡಾಂಗಲ್ ಒಂದು ಟ್ಯಾಬ್‌ನಲ್ಲಿ ಹಾಕಿದೊಡನೆ ನಡೆದು ಇನ್ನೊಂದರಲ್ಲಿ ಸತ್ತಂತೆ ಕೂರುವುದಕ್ಕೆ ಇದು ಮುಖ್ಯ ಕಾರಣ.

ರೂಟ್ ಆಗಿರುವ (ವ್ಯವಸ್ಥೆಯ ಪೂರ್ತಿ ಅಧಿಕಾರ ತೆರೆದ) ಟ್ಯಾಬ್‌ನಲ್ಲಿ ಆ ಇಂಟರ್‌ಫೇಸನ್ನು, ಅಂದರೆ ಪಟ್ಟಿಯಲ್ಲಿ ಕಂಡ ಆ ಜೋಡಣೆಯನ್ನು ಒಮ್ಮೆ ಇಳಿಸಿ, ಹೆಸರು ಇಟಿಎಚ್0 ಎಂದು ಬದಲಿಸಿ, ಮತ್ತೆ ಏರಿಸಿದರೆ ಸೇವೆ ಅದನ್ನು ಕೈಗೆತ್ತಿಕೊಳ್ಳುವ ಸಾಧ್ಯತೆ ಹೆಚ್ಚು. ಡಾಂಗಲ್ ತೆಗೆದು ಹಾಕಿದಾಗಲೆಲ್ಲ ಇದನ್ನೇ ಮತ್ತೆ ಮಾಡಬೇಕು. ರೂಟ್ ಇಲ್ಲದವರು ಇಲ್ಲಿಗೆ ನಿಲ್ಲಿಸಿ, ವೈಫೈ ಕೂಡ ಬಿಡುವ ಡಾಂಗಲ್ ಕೊಳ್ಳುವುದು ಜಾಣತನ. ಬರೀ ಮೋಡೆಮ್ ಆಗಿರುವ ಹಳೆಯ ಸ್ಟಿಕ್ ಡಾಂಗಲ್‌ಗಳಿಗೆ ಪಿಪಿಪಿ ಡಯಲಿಂಗ್ (ನಂಬರ್ ಹಚ್ಚಿ ನೆಟ್‌ಗೆ ಸೇರುವ ಹಳೆಯ ವಿಧಾನ) ಬೇಕು, ಅದಕ್ಕೆ ಸಾಮಾನ್ಯವಾಗಿ ರೂಟ್ ಬೇಕು. ಅದರ ಹಿಂದೆ ಬೀಳುವಷ್ಟು ಲಾಭ ಈಗಿಲ್ಲ.

ಪುಟ ತೆರೆಯಿತು, ನೆಟ್ ಇಲ್ಲ

ಈಗ ಡಾಂಗಲ್‌ನ ಪುಟವೇ ಎಲ್ಲ ಹೇಳುತ್ತದೆ. ಓದುವ ಕ್ರಮ: ಸಿಮ್ ಇದೆಯೇ, ನೆಟ್‌ವರ್ಕ್ ಹೆಸರು ಬಂದಿದೆಯೇ, ಐಪಿ ಸಿಕ್ಕಿದೆಯೇ.

ಸಿಮ್ ಇಲ್ಲ ಎಂದರೆ ಮೊದಲ ಶಂಕೆ ಅಡಾಪ್ಟರ್ ಚೌಕಟ್ಟಿನ ಮೇಲೆ. ಡಾಂಗಲ್‌ಗಳಲ್ಲಿ ದೊಡ್ಡ ಅಥವಾ ಮೈಕ್ರೋ ಸಿಮ್ ಜಾಗ ಇರುತ್ತದೆ, ನಮ್ಮ ಕೈಯಲ್ಲಿರುವುದು ನ್ಯಾನೋ. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತ ಸಿಮ್ ಒಂದು ಕೂದಲೆಳೆ ಕೆಳಗಿದ್ದರೂ ಸ್ಪ್ರಿಂಗ್ ತಾಗುವುದಿಲ್ಲ. ಹೊರಗೆ ಎಳೆಯುವಾಗ ಚೌಕಟ್ಟಿನ ಅಂಚಿಗೆ ಸ್ಪ್ರಿಂಗ್ ಸಿಕ್ಕಿ ಬಾಗಿದರೆ ಡಾಂಗಲ್‌ನ ಸಾಕೆಟ್ಟೇ ಹೋಯಿತು. ಚೌಕಟ್ಟಿನ ಹಿಂಬದಿಗೆ ತೆಳು ಟೇಪ್ ಅಂಟಿಸಿ ಸಿಮ್ ಜಾರದಂತೆ ಮಾಡಿ, ಬರಿ ಚೌಕಟ್ಟನ್ನು ಸಿಮ್ ಇಲ್ಲದೆ ಎಂದೂ ಒಳಗೆ ತಳ್ಳಬೇಡಿ. ಸಿಮ್‌ಗೆ ಪಿನ್ ಲಾಕ್ ಇದ್ದರೆ ಫೋನಿನಲ್ಲಿ ಹಾಕಿ ತೆಗೆದುಬಿಡಿ.

ಸಿಮ್ ಇದೆ, ನೆಟ್‌ವರ್ಕ್ ಹೆಸರಿಲ್ಲ ಎಂದರೆ ಲಾಕ್ ಅಥವಾ ಬ್ಯಾಂಡ್ (ಟವರ್ ಬಳಸುವ ಆವರ್ತನಗಳ ಗುಂಪು). ಟೆಲಿಕಾಂ ಕಂಪನಿ ತನ್ನ ಹೆಸರಿನಲ್ಲಿ ಮಾರಿದ ಸಾಧನಗಳು ಆ ಕಂಪನಿಯ ಸಿಮ್ ಮಾತ್ರ ಒಪ್ಪುವುದುಂಟು. ಜಿಯೋಫೈಗೆ ಜಿಯೋ ಸಿಮ್ಮೇ ಬೇಕು. ಬ್ಯಾಂಡ್ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು.

ಜಿಯೋ 4ಜಿ ಓಡುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಏರ್‌ಟೆಲ್ 1, 3, 8, 40ನ್ನು ಟೆಲಿಕಾಂ ವೃತ್ತಕ್ಕೆ (ಸರ್ಕಲ್‌ಗೆ) ತಕ್ಕಂತೆ ಬಳಸುತ್ತದೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1. ಈಗ ಹುವಾವೇ ಇ3372ಎಚ್ ತೆಗೆದುಕೊಳ್ಳಿ. ಯುರೋಪಿಗಾಗಿ ಮಾಡಿದ 153 ಎಂಬ ಮಾದರಿಯಲ್ಲಿ ಬ್ಯಾಂಡ್ 1, 3, 7, 8, 20 ಇವೆ. 607 ಎಂಬ ಮಾದರಿಯಲ್ಲಿ 1, 3, 7, 8, 28, 40. ಹೊರಗಿನ ರೂಪ ಒಂದೇ, ಪೆಟ್ಟಿಗೆಯ ಮೇಲೆ 4ಜಿ ಎಂದೇ ಇರುತ್ತದೆ. ಬಿಎಸ್‌ಎನ್‌ಎಲ್‌ನ 700 ಮಾತ್ರ ತಲುಪುವ ಹಳ್ಳಿಯಲ್ಲಿ 153 ಮೂಕ, 607ಕ್ಕೆ ಜೀವ. ಜಿಯೋದ 850 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 5 ಮಾತ್ರ ಸಿಗುವ ಕಡೆ ಎರಡೂ ನಿಷ್ಪ್ರಯೋಜಕ. ಕಡಿಮೆ ಆವರ್ತನ ದೂರ ಹೋಗುವುದರಿಂದ ಊರ ಹೊರಗೆ, ಗೋಡೆ ಒಳಗೆ ಉಳಿಯುವುದು ಈ 700, 850, 900ಗಳೇ. ಕೊಳ್ಳುವ ಮೊದಲು ನೋಡಬೇಕಾದ್ದು ವೇಗವಲ್ಲ, ಬ್ಯಾಂಡ್ ಪಟ್ಟಿ. ನಿಮ್ಮ ಜಾಗದಲ್ಲಿ ಯಾವ ಬ್ಯಾಂಡ್ ಇದೆ ಎಂಬುದನ್ನು ಅದೇ ಸಿಮ್ ಹಾಕಿದ ಆಂಡ್ರಾಯ್ಡ್ ಫೋನಿನಲ್ಲಿ ಸಿಗ್ನಲ್ ಮಾಹಿತಿ ತೋರಿಸುವ ಯಾವುದಾದರೂ ಆ್ಯಪ್‌ನಿಂದ ತಿಳಿಯಬಹುದು.

ಅಲಮಾರಿಯಲ್ಲಿದ್ದ ಹಳೆಯ 3ಜಿ ಡಾಂಗಲ್ ತೆಗೆದು ಧೂಳು ಒರೆಸಿದ್ದೀರಾ? ಜಿಯೋಗೆ 2ಜಿ, 3ಜಿ ಎರಡೂ ಇಲ್ಲ, ಹೆಸರು ಕೂಡ ಬರುವುದಿಲ್ಲ. ಏರ್‌ಟೆಲ್ 3ಜಿ ನಿಲ್ಲಿಸಿ ವರ್ಷಗಳಾದವು, ಅದರಲ್ಲಿ 2ಜಿ ಮಾತ್ರ ಸಿಕ್ಕೀತು. ವಾಟ್ಸಾಪ್‌ನ ಬರೀ ಅಕ್ಷರ ಹೋಗುತ್ತದೆ, ಫೋಟೊ ತಿರುಗುತ್ತಲೇ ಇರುತ್ತದೆ.

ನೆಟ್‌ವರ್ಕ್ ಹೆಸರಿದೆ, ಐಪಿ ಇಲ್ಲ ಎಂದರೆ ಆಗ ಎಪಿಎನ್‌ನ ಸರದಿ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗವಿಲ್ಲದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಖಾಲಿ ಬಿಡಿ. ಐಪಿ ಬಗೆ ಐಪಿವಿ4ವಿ6 ಇರಲಿ. ಹೊರದೇಶದಿಂದ ಬಂದ ಡಾಂಗಲ್‌ನಲ್ಲಿ ಹಳೆಯ ಕಂಪನಿಯ ಪ್ರೊಫೈಲ್ ಅಳಿಸಲಾಗದಂತೆ ಕೂತಿರುತ್ತದೆ. ಅದನ್ನು ತಿದ್ದಲು ಹೋಗದೆ ಹೊಸ ಪ್ರೊಫೈಲ್ ಮಾಡಿ ಅದನ್ನೇ ಡಿಫಾಲ್ಟ್ ಎಂದು ಆರಿಸಿ. ಮರೆಯುವುದು ಆ ಕೊನೆಯ ಹೆಜ್ಜೆಯನ್ನೇ. ಎಪಿಎನ್ ಸರಿ ಇದ್ದೂ ಐಪಿ ಬಾರದಿದ್ದರೆ ಸಿಮ್ ಫೋನಿಗೆ ಹಾಕಿ ನೋಡಿ: ರೀಚಾರ್ಜ್ ಮುಗಿದಿರಬಹುದು, ಇಲ್ಲವೇ ಪ್ಯಾಕ್‌ನಲ್ಲಿ ಡೇಟಾವೇ ಇರಲಿಕ್ಕಿಲ್ಲ.

ಐಪಿ ಇದೆ, ಆದರೂ ವೆಬ್‌ಸೈಟ್ ತೆರೆಯದು

ಟ್ಯಾಬ್‌ನ ದಿನಾಂಕ ನೋಡಿ. ಸಿಮ್ ಇರುವ ಫೋನಿಗೆ ಟವರೇ ಸಮಯ ಹೇಳುತ್ತದೆ. ವೈಫೈ ಟ್ಯಾಬ್‌ಗೆ ಆ ಸೌಕರ್ಯ ಇಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಿ ಗಡಿಯಾರ ಹಿಂದೆ ಹೋಗಿದ್ದರೆ ಭದ್ರತಾ ಪ್ರಮಾಣಪತ್ರಗಳೆಲ್ಲ ಸುಳ್ಳೆನಿಸಿ ಒಂದೂ ಸೈಟ್ ತೆರೆಯುವುದಿಲ್ಲ. 192.168ರ ಪುಟಕ್ಕೆ ಪ್ರಮಾಣಪತ್ರ ಬೇಡವಾದ್ದರಿಂದ ಅದು ಮಾತ್ರ ತೆರೆಯುತ್ತದೆ. ಕೈಯಿಂದ ಸಮಯ ಸರಿಪಡಿಸಿದರೆ ಮುಗಿಯಿತು.

ಆಮೇಲೆ ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ). ಯಾವತ್ತೋ ಜಾಹೀರಾತು ತಡೆಯಲೆಂದು ಹಾಕಿದ ವಿಳಾಸ ಅಲ್ಲಿದ್ದರೆ ಆಟೋಮ್ಯಾಟಿಕ್‌ಗೆ ತನ್ನಿ. ವಿಪಿಎನ್ ಇದ್ದರೆ ಆಫ್ ಮಾಡಿ. ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೆ ನಿಂತರೆ ಎಂಟಿಯು (ಒಮ್ಮೆಗೆ ಕಳಿಸುವ ಡೇಟಾ ತುಣುಕಿನ ಗಾತ್ರ) ದೊಡ್ಡದಾಗಿದೆ. ಡಾಂಗಲ್‌ನ ಪುಟದಲ್ಲಿ ಆ ಸೌಲಭ್ಯವಿದ್ದರೆ 1500ನ್ನು 1400ಕ್ಕೆ ಇಳಿಸಿ. ಮನೆಯ ರೂಟರ್ ಕೂಡ 192.168.0.1 ಆಗಿದ್ದು ಡಾಂಗಲ್ ಕೂಡ ಅದೇ ಆಗಿದ್ದರೆ, ಎರಡೂ ಒಟ್ಟಿಗೆ ಜೋಡಿಸಿರುವಾಗ ಯಾವ ಪುಟ ತೆರೆಯುತ್ತದೋ ಹೇಳಲಾಗದು. ಶುರುವಿನಲ್ಲಿ ವೈಫೈ ಆಫ್ ಮಾಡಲು ಹೇಳಿದ್ದು ಇದಕ್ಕೇ.

ಬೆಳಿಗ್ಗೆ ಚೆನ್ನಾಗಿದ್ದ ನೆಟ್ ಮಧ್ಯಾಹ್ನಕ್ಕೆ ತೆವಳುತ್ತಿದೆಯೇ? ದಿನಕ್ಕೆ ಇಷ್ಟು ಜಿಬಿ ಎಂಬ ಪ್ಯಾಕ್‌ಗಳಲ್ಲಿ ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುವುದು ಸಾಮಾನ್ಯ. ಮುಗಿಸಿದ್ದು ಯಾರು? ಟ್ಯಾಬ್. ಈಥರ್ನೆಟ್ ಎಂದರೆ ಅದರ ಲೆಕ್ಕದಲ್ಲಿ ಮಿತಿಯಿಲ್ಲದ ನೆಟ್, ಆದ್ದರಿಂದ ವೈಫೈಯಲ್ಲಿ ಮಾತ್ರ ಎಂದಿಟ್ಟ ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲ ಶುರುವಾಗುತ್ತವೆ. ಪ್ಲೇ ಸ್ಟೋರ್‌ನಲ್ಲಿ ಆಟೋ ಅಪ್‌ಡೇಟ್ ಪೂರ್ತಿ ನಿಲ್ಲಿಸಿ, ಫೋಟೊ ಬ್ಯಾಕಪ್ ಆಫ್ ಮಾಡಿ. ವೈಫೈ ಮೂಲಕ ಜೋಡಿಸಿದ್ದರೆ ಆ ವೈಫೈ ಹೆಸರಿನ ಸೆಟ್ಟಿಂಗ್‌ನಲ್ಲಿ ಮೀಟರ್ಡ್ (ಮಿತಿಯಿರುವ ನೆಟ್) ಎಂದು ಗುರುತು ಮಾಡಿದರೆ ಸಾಕು.

ಸಿಗ್ನಲ್ ಅಂಕಿ ಓದುವುದು

ಗೆರೆಗಳನ್ನು ನಂಬಬೇಡಿ, ಡಾಂಗಲ್‌ನ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್‌ನ ಬಲ) ಓದಿ. ಮೈನಸ್ 85 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಚೆನ್ನಾಗಿದೆ, ಮೈನಸ್ 100ರ ಆಸುಪಾಸು ನಡೆಯುತ್ತದೆ, ಮೈನಸ್ 110 ದಾಟಿದರೆ ಪರದಾಟ, 120ರ ಹತ್ತಿರ ಹೋದರೆ ಬಿಟ್ಟುಬಿಡುತ್ತದೆ. ಇದರ ಪಕ್ಕದಲ್ಲೇ ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು) ನೋಡಿ. ಆರ್‌ಎಸ್‌ಆರ್‌ಪಿ ಚೆನ್ನಾಗಿದ್ದೂ ಎಸ್‌ಐಎನ್‌ಆರ್ ಸೊನ್ನೆಯ ಹತ್ತಿರ ಇದ್ದರೆ ಎರಡು ಟವರ್‌ಗಳ ಸದ್ದು ಬೆರೆತಿದೆ. ಅಲ್ಲಿ ಡಾಂಗಲ್ ಅರ್ಧ ಮೀಟರ್ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಎಟಿ ಆದೇಶದಲ್ಲಿ ಬರುವ ಸಿಎಸ್‌ಕ್ಯೂ ಅಂಕಿ 0ಯಿಂದ 31ರವರೆಗೆ. ಅದನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ, ಆದರೆ ಅದು ಒಟ್ಟು ಸದ್ದಿನ ಅಳತೆ, ಆರ್‌ಎಸ್‌ಆರ್‌ಪಿ ಜೊತೆ ಹೋಲಿಸಬಾರದು. 99 ಬಂದರೆ ಅಳತೆ ಸಿಕ್ಕಿಲ್ಲ ಎಂದಷ್ಟೇ.

ಹೊರ ಆಂಟೆನಾ ಹಾಕುವವರು ಸಾಕೆಟ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಸಿಆರ್‌ಸಿ9 ಮತ್ತು ಟಿಎಸ್9 ಕಣ್ಣಿಗೆ ಒಂದೇ. ಇ3372ಎಚ್‌ನಲ್ಲಿರುವುದು ಸಿಆರ್‌ಸಿ9, ಎರಡು ಸಾಕೆಟ್. ತಪ್ಪು ಪ್ಲಗ್ ಒತ್ತಿ ಕೂರಿಸಿದರೆ ಸಿಗ್ನಲ್ ಮೊದಲಿಗಿಂತ ಕೆಡುತ್ತದೆ. ತೆಳು ಆಂಟೆನಾ ಕೇಬಲ್ ಮೀಟರಿಗೆ ಒಂದು ಡಿಬಿಗೂ ಹೆಚ್ಚು ತಿನ್ನುವುದರಿಂದ ಐದು ಮೀಟರ್ ಕೇಬಲ್‌ನ ಅಗ್ಗದ ಆಂಟೆನಾದಲ್ಲಿ ಗಳಿಸಿದ್ದೆಲ್ಲ ದಾರಿಯಲ್ಲೇ ಖರ್ಚು. ಅನುಮತಿಯಿಲ್ಲದ ಸಿಗ್ನಲ್ ಬೂಸ್ಟರ್ ಹಾಕುವುದು ಭಾರತದಲ್ಲಿ ಕಾನೂನುಬಾಹಿರ, ಅಕ್ಕಪಕ್ಕದವರ ನೆಟ್ ಕೂಡ ಕೆಡುತ್ತದೆ.

ಫೋನ್ ಹಾಟ್‌ಸ್ಪಾಟ್ ಮತ್ತು ವೈಫೈ ಡಾಂಗಲ್

ಟ್ಯಾಬ್‌ಗೆ ಫೋನಿನ ಹಾಟ್‌ಸ್ಪಾಟ್ ಕಾಣುವುದೇ ಇಲ್ಲ ಎಂದರೆ ಫೋನ್ 5 ಗಿಗಾಹರ್ಟ್ಸ್‌ನಲ್ಲಿದೆ, ಟ್ಯಾಬ್‌ಗೆ 2.4 ಮಾತ್ರ ಗೊತ್ತು. ಫೋನಿನಲ್ಲಿ ಬ್ಯಾಂಡ್ ಬದಲಿಸಿ. ಐಫೋನ್‌ನಲ್ಲಿ ಇದಕ್ಕೆ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂದು ಹೆಸರು. ಕಂಡರೂ ಸೇರದಿದ್ದರೆ ಭದ್ರತೆಯನ್ನು ಡಬ್ಲ್ಯುಪಿಎ3ಯಿಂದ ಡಬ್ಲ್ಯುಪಿಎ2ಕ್ಕೆ ತನ್ನಿ. ಫೋನನ್ನು ಟೈಪ್-ಸಿ ಕೇಬಲ್‌ನಿಂದ ಟ್ಯಾಬ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡುವಾಗ ಯಜಮಾನ ಯಾರೆಂಬ ಗೊಂದಲ ಏಳುತ್ತದೆ. ಟೆದರಿಂಗ್ ಬಟನ್ ಮಸುಕಾಗಿದ್ದರೆ ಫೋನೇ ಯಜಮಾನನಾಗಿ ಕೂತಿದೆ. ಫೋನಿನ ಯುಎಸ್‌ಬಿ ಸೂಚನೆ ಒತ್ತಿ, ನಿಯಂತ್ರಣವನ್ನು ಎದುರಿನ ಸಾಧನಕ್ಕೆ ಕೊಡಿ.

ವೈಫೈ ಬಿಡುವ ಡಾಂಗಲ್‌ಗೆ ಪವರ್ ಬ್ಯಾಂಕ್‌ನಿಂದ ಕರೆಂಟ್ ಕೊಟ್ಟರೆ ಯುಎಸ್‌ಬಿ ಕಡೆಯ ಮೇಲಿನ ತಾಪತ್ರಯಗಳೆಲ್ಲ ತಪ್ಪುತ್ತವೆ, ಟ್ಯಾಬ್‌ನ ಬ್ಯಾಟರಿಯೂ ಉಳಿಯುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಎಳೆತ ಕಡಿಮೆಯಾದಾಗ ಚಾರ್ಜ್ ಮುಗಿಯಿತೆಂದು ತಿಳಿದು ಆಫ್ ಆಗುತ್ತವೆ. ಕಡಿಮೆ ಕರೆಂಟ್ ಮೋಡ್ ಇರುವುದನ್ನು ಆರಿಸಿ. ಅರ್ಧ ಗಂಟೆ ನಡೆದು ನಿಧಾನವಾಗುವ ಡಾಂಗಲ್‌ಗೆ ಬಿಸಿ ಕಾರಣ. ಬ್ಯಾಗಿನೊಳಗೆ, ಬಟ್ಟೆಯ ಕವರ್ ಅಡಿಯಲ್ಲಿ ಇಡಬೇಡಿ.

ಐಪ್ಯಾಡ್, ವಿಂಡೋಸ್ ಟ್ಯಾಬ್, ಖಾಲಿ ಸಿಮ್ ಕಿಂಡಿ

ಟೈಪ್-ಸಿ ಐಪ್ಯಾಡ್‌ಗೆ ಸಿಡಿಸಿ ಈಥರ್ನೆಟ್ ಆಗಿ ಕಾಣುವ ಡಾಂಗಲ್ ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ಎಂಬ ಸಾಲು ಮೂಡುತ್ತದೆ. ಆರ್‌ಎನ್‌ಡಿಐಎಸ್ ಡಾಂಗಲ್ ಅದಕ್ಕೆ ತಿಳಿಯದು. ಇನ್ನೊಂದು ಮಾತು: ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇಲ್ಲ, ಡಾಂಗಲ್‌ನಿಂದ ನೆಟ್ ಬಂದರೂ ಮ್ಯಾಪ್‌ನಲ್ಲಿ ನಿಖರ ಜಾಗ ಬರುವುದಿಲ್ಲ.

ಕೆಲವು ವಿಂಡೋಸ್ ಟ್ಯಾಬ್‌ಗಳ ಒಳಗೆ ಎಂ.2 ಬಿ-ಕೀ ಸಾಕೆಟ್ ಇದ್ದು ಮೋಡೆಮ್ ಕಾರ್ಡ್ ಕೂರಿಸಬಹುದು. ಹಳೆಯದರಲ್ಲಿ ಸುಲಭವಾಗಿ ಸಿಗುವ ಸಿಯೆರಾ ಇಎಂ7455ರಲ್ಲಿ ಬ್ಯಾಂಡ್ 8, 28, 40 ಇಲ್ಲ. ಇಲ್ಲಿಗೆ ಹೊಂದುವುದು ಇಎಂ7430, ಅದರಲ್ಲಿ 1, 3, 5, 8, 28, 40 ಎಲ್ಲ ಇವೆ. ಬಿಚ್ಚುವ ಮೊದಲು ಆಂಟೆನಾ ತಂತಿಗಳನ್ನು ಕಾರ್ಖಾನೆಯಲ್ಲೇ ಎಳೆದಿದ್ದಾರೆಯೇ ನೋಡಿ. ಲೆನೊವೊದ ಹಳೆಯ ಯಂತ್ರಗಳು ಆನ್ ಆಗುವಾಗಲೇ 1802 ಎಂಬ ಎರರ್ ಕೊಟ್ಟು ನಿಂತರೆ ಬಯೋಸ್ (ಯಂತ್ರ ಆನ್ ಆಗುವಾಗ ಮೊದಲು ನಡೆಯುವ ತಂತ್ರಾಂಶ) ಆ ಕಾರ್ಡನ್ನು ಒಪ್ಪುತ್ತಿಲ್ಲ.

ಆಂಡ್ರಾಯ್ಡ್ ಟ್ಯಾಬ್‌ನ ಬದಿಯಲ್ಲಿ ಸಿಮ್ ಆಕಾರದ ಕಿಂಡಿ, ಬೋರ್ಡ್ ಮೇಲೆ ಖಾಲಿ ಬೆಸುಗೆ ಗುರುತು ಕಂಡರೆ ಸಾಕೆಟ್ ಬೆಸೆದು ಕೊಡುತ್ತೇವೆ ಎನ್ನುವವರಿದ್ದಾರೆ. ಸಾಕೆಟ್ ಹಾಕಿದರೆ ಸಾಲದು. ರೇಡಿಯೊ ಚಿಪ್, ಫಿಲ್ಟರ್, ಆಂಟೆನಾ, ಐಎಂಇಐ ಇವ್ಯಾವುವೂ ವೈಫೈ ಮಾದರಿಯಲ್ಲಿ ಇರುವುದಿಲ್ಲ.

ಡಾಂಗಲ್ ಸಿಮ್‌ಗೆ ಬ್ಯಾಂಕಿನ ಒಟಿಪಿ ಬರುತ್ತಿಲ್ಲ ಎಂಬ ದೂರೂ ಸಾಮಾನ್ಯ. ಎಸ್‌ಎಂಎಸ್ ಟ್ಯಾಬ್‌ಗೆ ಬರುವುದಿಲ್ಲ, ಡಾಂಗಲ್‌ನ ಪುಟದ ಎಸ್‌ಎಂಎಸ್ ವಿಭಾಗದಲ್ಲಿ ಕೂತಿರುತ್ತದೆ. ಅಲ್ಲೂ ಹೊಸದು ಕಾಣದಿದ್ದರೆ ಪೆಟ್ಟಿಗೆ ತುಂಬಿದೆ. ಕಂಪನಿಯ ಹಳೆಯ ಆಫರ್ ಮೆಸೇಜ್‌ಗಳನ್ನೆಲ್ಲ ಅಳಿಸಿ, ಡಾಂಗಲ್ ಒಮ್ಮೆ ತೆಗೆದು ಹಾಕಿ, ಆಮೇಲೆ ಒಟಿಪಿ ಮತ್ತೆ ಕೇಳಿ.